ಅಲಂಕಾರ ಕಳಚುವ ಮುನ್ನ

ಹೋದ ತಿಂಗಳು ಒಂದು ಸಂಜೆ ದಾವಣಗೆರೆಯಿಂದ ಫೋನ್ ಬಂತು. ಈ ಅಂಕಣದ ಓದುಗರು, ಬ್ಯಾಂಕಿನಲ್ಲಿ ಕೆಲಸ. ಅವರ ತಂದೆ ಶಾಲಾ ಮೇಷ್ಟ್ರಾಗಿದ್ದವರು. ಹದಿನೈದು ವರ್ಷದ ಹಿಂದೆ ತಮ್ಮೂರಿನ ಕೆರೆ, ಗುಡಿ, ಮನೆತನಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದರಂತೆ. ತಂದೆ ಈಗಿಲ್ಲ. ಡಿಟಿಪಿ ಅಂಗಡಿಯವರು ಕೊಟ್ಟಿದ್ದ ಸಿ.ಡಿ. ಮಾತ್ರ ಬೀರುವಿನಲ್ಲಿತ್ತು. ಎರಡನೇ ಮುದ್ರಣ ತರೋಣವೆಂದು ಫೈಲನ್ನು ಡೆಸ್ಕ್‌ಟಾಪಿಗೆ ಹಾಕಿಕೊಂಡು ತೆರೆದರೆ ಎಲ್ಲ ಸರಿಯಾಗಿಯೇ ಕಂಡಿದೆ. ಆದರೆ ತಾವು ಹೊಸದಾಗಿ ಬರೆದ ಮುನ್ನುಡಿಯ ಜೊತೆ ಸೇರಿಸಿದಾಗ ಅಕ್ಷರದ ಗಾತ್ರ ಒಂದಕ್ಕೊಂದು ಹೊಂದಲಿಲ್ಲ, ಸಾಲುಗಳ ಅಂತರವೂ ಹೊಂದಲಿಲ್ಲ. ಕಚೇರಿಯಲ್ಲಿ ಯಾರೋ "ಕ್ಲಿಯರ್ ಫಾರ್ಮ್ಯಾಟಿಂಗ್ ಕೊಡಿ ಮೇಡಂ, ಎಲ್ಲ ಒಂದೇ ಥರ ಆಗುತ್ತೆ" ಅಂದರು. ಇವರು ಇಡೀ ಫೈಲನ್ನು ಸೆಲೆಕ್ಟ್ ಮಾಡಿ ಆ ಗುಂಡಿ ಒತ್ತಿದ್ದೇ ತಡ, ಕನ್ನಡವೆಲ್ಲ ಮಾಯವಾಗಿ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಕೊಂಬು ಬಾಲಗಳ ಅಕ್ಷರಗಳು ಸಾಲುಗಟ್ಟಿ ನಿಂತವು. ಗಾಬರಿಯಲ್ಲಿ ಸೇವ್ ಕೂಡ ಆಗಿಹೋಗಿತ್ತು. "ಸರ್, ಅಪ್ಪನ ಪುಸ್ತಕ ಹೋಯ್ತಾ?" ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ಹೋಗಿರಲಿಲ್ಲ. "ಮತ್ತೆ ಎಲ್ಲ ಸೆಲೆಕ್ಟ್ ಮಾಡಿ, ಫಾಂಟಿನ ಪಟ್ಟಿಯಲ್ಲಿ ನುಡಿ ಅಂತ ಶುರುವಾಗೋದನ್ನ ಆರಿಸಿ" ಎಂದೆ. ಫೋನಿನ ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ "ಬಂತು ಸರ್" ಅಂದರು. ಆ ಕ್ಷಣದ ಸಮಾಧಾನ ನನಗೂ ಕಡಿಮೆಯದಲ್ಲ.

ಒಂದು ಕಡೆಯಿಂದ ಕಾಪಿ ಮಾಡಿ ಇನ್ನೊಂದು ಕಡೆ ಪೇಸ್ಟ್ ಮಾಡಿದಾಗ ಬರಹದ ರೂಪ ಏಕೆ ಕೆಡುತ್ತದೆ, ಅದನ್ನು ಸರಿಮಾಡುವುದು ಹೇಗೆ ಎಂದು ಕೇಳುವ ಪತ್ರಗಳು ನನಗೆ ವರ್ಷವಿಡೀ ಬರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಸಿಗುವ ಉತ್ತರ ಸರಳ: ಅಲಂಕಾರವನ್ನೆಲ್ಲ ತೆಗೆದುಹಾಕಿ, ಬರಿಯ ಅಕ್ಷರ ಇಟ್ಟುಕೊಳ್ಳಿ. ಕನ್ನಡಿಗರು ಈ ಸಲಹೆಯನ್ನು ಹಾಗೆಯೇ ಎತ್ತಿಕೊಂಡರೆ ಮೋಸ ಹೋಗುತ್ತಾರೆ. ನಮ್ಮಲ್ಲಿ ಯಾವುದು ಅಲಂಕಾರ, ಯಾವುದು ಅಕ್ಷರ ಎನ್ನುವುದನ್ನೇ ಮೊದಲು ನೋಡಬೇಕು.

ಕಾಪಿ ಎಂದಾಗ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವರ್ಡ್‌ನಲ್ಲಿ ಒಂದು ಪ್ಯಾರಾ ಆರಿಸಿ ಕಂಟ್ರೋಲ್ ಸಿ ಒತ್ತಿದರೆ ಕ್ಲಿಪ್‌ಬೋರ್ಡಿಗೆ ಹೋಗುವುದು ಒಂದೇ ಪ್ರತಿಯಲ್ಲ. ಅದೇ ಪ್ಯಾರಾ ಹಲವು ರೂಪಗಳಲ್ಲಿ ಹೋಗುತ್ತದೆ. ಫಾಂಟು, ಬಣ್ಣ, ಅಂತರಗಳ ವಿವರವೆಲ್ಲ ಇರುವ ಪ್ರತಿ ಒಂದು, ವೆಬ್ ಪುಟಕ್ಕೆ ಹೊಂದುವ ಪ್ರತಿ ಇನ್ನೊಂದು, ಯಾವ ವಿವರವೂ ಇಲ್ಲದ ಬರಿಯ ಅಕ್ಷರಗಳ ಪ್ರತಿ ಮತ್ತೊಂದು. ಪೇಸ್ಟ್ ಮಾಡುವಾಗ ಎದುರಿನ ತಂತ್ರಾಂಶ ಇವುಗಳಲ್ಲಿ ತನಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತದೆ. ನೋಟ್‌ಪ್ಯಾಡಿಗೆ ಗೊತ್ತಿರುವುದು ಬರಿಯ ಅಕ್ಷರವಾದ್ದರಿಂದ ಅದು ಅಷ್ಟನ್ನೇ ತೆಗೆದುಕೊಳ್ಳುತ್ತದೆ. ಇನ್ನೊಂದು ವರ್ಡ್ ಕಡತವೋ ಜಿಮೇಲೋ ಆದರೆ ವಿವರ ಹೆಚ್ಚಿರುವ ಪ್ರತಿಯನ್ನೇ ಬಯಸುತ್ತದೆ. ಸಸಿ ಕಿತ್ತಾಗ ಬೇರಿನ ಜೊತೆ ಮಣ್ಣು ಬಂದ ಹಾಗೆ ಹಳೆಯ ಕಡತದ ಗುಣವೆಲ್ಲ ಹೊಸ ಜಾಗಕ್ಕೆ ಬಂದು ಕೂರುತ್ತದೆ.

ನಾನು ಪತ್ರಿಕೆಯ ಕೆಲಸಕ್ಕೆ ಸೇರಿದಾಗ ಪೇಸ್ಟ್ ಎಂದರೆ ನಿಜವಾದ ಅಂಟು. ಬ್ರೋಮೈಡ್ ಹಾಳೆಯಲ್ಲಿ ಬಂದ ಕಾಲಂಗಳನ್ನು ಕತ್ತರಿಸಿ ಪುಟದ ಅಳತೆಯ ಹಾಳೆಗೆ ಅಂಟಿಸುತ್ತಿದ್ದರು. ಒಂದು ಅಕ್ಷರ ತಪ್ಪಿದ್ದರೆ ಆ ಸಾಲನ್ನಷ್ಟೇ ಬ್ಲೇಡಿನಲ್ಲಿ ಎತ್ತಿ ಹೊಸದನ್ನು ಕೂರಿಸುತ್ತಿದ್ದ ಕೈಗಳನ್ನು ನಾನು ನೋಡಿದ್ದೇನೆ. ಹಸ್ತಪ್ರತಿಯನ್ನು ಕತ್ತರಿ ಗೋಂದು ಹಿಡಿದು ತಿದ್ದುವ ಈ ರೂಢಿಯನ್ನೇ 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು ಕಂಪ್ಯೂಟರಿಗೆ ತಂದರು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಅಂದಿನ ಅಂಟಿನಲ್ಲಿ ಕತ್ತರಿಸಿದ ತುಂಡು ಹೇಗಿತ್ತೋ ಹಾಗೆಯೇ ಕೂರುತ್ತಿತ್ತು. ಇಂದಿನದರಲ್ಲಿ ಅದು ಯಾವ ರೂಪದಲ್ಲಿ ಕೂರಬೇಕೆಂದು ನಾವು ಹೇಳಬಹುದು. ಹೇಳಬಹುದೆಂಬುದೇ ಬಹಳ ಮಂದಿಗೆ ತಿಳಿದಿಲ್ಲ.

ಈಗ ದಾವಣಗೆರೆಯ ಫೈಲಿಗೆ ಬರೋಣ. ಅದು ನುಡಿಯಲ್ಲಿ ಟೈಪಾದದ್ದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ್ದು ಇವುಗಳಿಂದ. ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಜಾಗವಿರಲಿಲ್ಲ. ಇದ್ದದ್ದು 256 ಮನೆಗಳು, ಅವೂ ರೋಮನ್ ಅಕ್ಷರಗಳ ಹೆಸರಿನಲ್ಲಿ. ಆ ಮನೆಗಳೊಳಗೆ ನಮ್ಮ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಜಾಣತನದಿಂದ ಜೋಡಿಸಿದ್ದರು. ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಏಳು ಗುರುತುಗಳು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ತಲೆಕಟ್ಟಿಲ್ಲದ ಕಕಾರ ಆ ಪಿ. ಗೀಟಿನ ಎ ನಮ್ಮ ತಲೆಕಟ್ಟು. ಜರ್ಮನರ ಎಸ್ ನಮ್ಮ ನ ಒತ್ತು. ನುಡಿ ಫಾಂಟ್ ಇರುವವರೆಗೆ ಅದು ಕನ್ನಡ, ಫಾಂಟ್ ತೆಗೆದರೆ ಯಾವ ಭಾಷೆಯೂ ಅಲ್ಲ.

ಇಂಗ್ಲಿಷಿನ ಫೈಲಿಗೆ ಫಾಂಟು ಬರಿಯ ಅಲಂಕಾರ. ನುಡಿಯ ಫೈಲಿಗೆ ಫಾಂಟೇ ಭಾಷೆ. ಆ ಗುಂಡಿ ಒತ್ತಿದಾಗ ಕನ್ನಡ ಮಾಯವಾದದ್ದು ಇದಕ್ಕೇ. ಯೂನಿಕೋಡಿನಲ್ಲಿ ಈ ತಾಪತ್ರಯವಿಲ್ಲ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ಓಣಿ ಇದೆ. ಅಲ್ಲಿ ಕ ಎಂದರೆ ಕ, ಯಾವ ಫಾಂಟ್ ಹಾಕಿದರೂ ಕ, ಫಾಂಟ್ ತೆಗೆದರೂ ಕ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆಗೆ ಇದು ನಮ್ಮ ಮೇಜಿಗೂ ಬಂತು. ಆದರೂ ಮುದ್ರಣದ ಲೋಕ ಬಹಳ ವರ್ಷ ಹಳೆಯ ಫಾಂಟುಗಳಲ್ಲೇ ನಡೆಯಿತು. ನಮ್ಮ ಊರಿನ ಇತಿಹಾಸಗಳು, ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು ಎಷ್ಟೋ ಇಂದಿಗೂ ಹೀಗೆ ಪಿ ಮತ್ತು ಪೌಂಡುಗಳ ರೂಪದಲ್ಲಿ ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿ ಕೂತಿವೆ.

ಹಾಗಾಗಿ ಯಾರೇ ಫೈಲು ಕೊಡಲಿ, ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಮುಂದುವರಿಯಬಹುದು. ರೋಮನ್ ಚಿತ್ತಾರವಾದರೆ ಹಳೆಯ ಫಾಂಟು, ಮೊದಲು ಪರಿವರ್ತಿಸಿ ಆಮೇಲೆ ಉಳಿದದ್ದು. ಕೆಟ್ಟ ರೂಪವನ್ನು ನೋಡಿದ ಕೂಡಲೇ ಎದೆಗುಂದಬೇಡಿ, ಅದನ್ನು ಓದುವುದನ್ನು ಕಲಿಯಿರಿ. ರೋಮನ್ ಚಿತ್ತಾರ ಕಂಡರೆ ಬರಹ ಬದುಕಿದೆ, ಫಾಂಟಷ್ಟೇ ಇಲ್ಲ. ಖಾಲಿ ಚೌಕಗಳು ಕಂಡರೂ ಸಾಮಾನ್ಯವಾಗಿ ಬದುಕಿದೆ, ಆ ಕಂಪ್ಯೂಟರಿನಲ್ಲಿ ಅದನ್ನು ತೋರಿಸುವ ಫಾಂಟ್ ಸಿಕ್ಕಿಲ್ಲ ಅಷ್ಟೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಹೆದರಬೇಕು. ಹಳೆಯ ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಕನ್ನಡವನ್ನು ಹಾಕಿ, ಅದು ಕೊಡುವ ಎಚ್ಚರಿಕೆ ಓದದೆ ಆನ್ಸಿ ರೂಪದಲ್ಲಿ ಉಳಿಸಿದರೆ ಹೀಗಾಗುತ್ತಿತ್ತು. ಅಲ್ಲಿ ಅಕ್ಷರವೇ ಹೋಗಿರುತ್ತದೆ, ಯಾವ ಫಾಂಟೂ ತಂದುಕೊಡಲಾರದು. ವಿಂಡೋಸ್ 10ರ 2019ರ ಪರಿಷ್ಕರಣೆಯಿಂದ ನೋಟ್‌ಪ್ಯಾಡ್ ತಾನಾಗಿಯೇ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಉಳಿಸುತ್ತಿದೆ. ಹಳೆಯ ಯಂತ್ರವಿರುವವರು ಸೇವ್ ಆ್ಯಸ್ ಕೊಡುವಾಗ ಕೆಳಗಿನ ಎನ್‌ಕೋಡಿಂಗ್ ಖಾನೆ ನೋಡಿಕೊಳ್ಳಬೇಕು.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು 'ನುಡಿ', 'ಬರಹ'ಗಳ ಜೊತೆಯಲ್ಲೇ ಸಿಗುತ್ತವೆ, ಅಂತರ್ಜಾಲದಲ್ಲೂ ಇವೆ. ಕೆಲಸ ಚೆನ್ನಾಗಿಯೇ ಮಾಡುತ್ತವೆ, ಆದರೆ ಎರಡು ಕಡೆ ಕಣ್ಣಿಡಬೇಕು. ಒಂದು, ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಬರಿಯ ಅಕ್ಷರ ಓದುವ ಪರಿವರ್ತಕಕ್ಕೆ ವ್ಯತ್ಯಾಸ ತಿಳಿಯದು, ಅವನ್ನೂ ಕನ್ನಡದ ತುಂಡುಗಳಾಗಿ ಮಾಡುತ್ತದೆ. ಇನ್ನೊಂದು, ಅರ್ಕಾವತ್ತು. ನುಡಿಯಲ್ಲಿ 'ಕರ್ನಾಟಕ' ಎಂಬ ಪದದ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ 'ನಾ' ಆದಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತರಬೇಕು. ಜಟಿಲವಾದ ಒತ್ತಕ್ಷರಗಳಲ್ಲಿ ಒಮ್ಮೊಮ್ಮೆ ಎಡವುತ್ತದೆ. ಇದೇ ಹೊತ್ತಿನಲ್ಲಿ ಇನ್ನೊಂದು ಮಾತು: ಅರ್ಕಾವತ್ತು ಮೂಡಿಸಲು ತಿಳಿಯದೆ 'ಕನಾ೯ಟಕ' ಎಂದು ಕನ್ನಡದ ಒಂಬತ್ತನ್ನು ಹಾಕುವ ಅಭ್ಯಾಸ ಹಲವರಿಗಿದೆ. ನೋಡಲು ಸರಿ ಇದ್ದಂತೆ ಇರುತ್ತದೆ, ಆದರೆ ಹುಡುಕಿದರೆ ಆ ಪದ ಎಂದೂ ಸಿಗುವುದಿಲ್ಲ. ಫೈಲು ಶುಚಿ ಮಾಡುವಾಗ ೯ ಎಂದು ಹುಡುಕಿ ಒಂದೊಂದನ್ನೂ ತಿದ್ದುವುದು ನನ್ನ ರೂಢಿ.

ಇನ್ನು ಕಣ್ಣಿಗೆ ಕಾಣದ ಅಕ್ಷರಗಳ ಸಂಗತಿ. ನನಗೆ ಬಹಳ ನೋವು ಕೊಡುವುದು ಇದು. 'ರಾಜ್‌ಕುಮಾರ್' ಎಂದು ಬರೆದಾಗ ಜಕಾರಕ್ಕೂ ಕಕಾರಕ್ಕೂ ನಡುವೆ ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ. 'ಇವೆರಡನ್ನೂ ಕೂಡಿಸಬೇಡ' ಎನ್ನುವುದು ಅದರ ಕೆಲಸ. ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬುದು ಅದರ ಹೆಸರು. ಅದು ಹೋದರೆ ಅದೇ ಹೆಸರು 'ರಾಜ್ಕುಮಾರ್' ಆಗುತ್ತದೆ. 'ಫೇಸ್‌ಬುಕ್' ಹೋಗಿ 'ಫೇಸ್ಬುಕ್', 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್'. ಇದರ ಜೋಡಿಯಾದ ಇನ್ನೊಂದು ಗುರುತು 'ರ‍್ಯಾಂಕ್' ಪದದಲ್ಲಿದೆ. ಅದು ಕಳೆದುಹೋದರೆ ರಕಾರ ಅರ್ಕಾವತ್ತಾಗಿ 'ರ್ಯಾಂಕ್' ಎಂದು ನಿಲ್ಲುತ್ತದೆ. ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ಹಾಕುತ್ತೇವೆಂದು ಹೇಳುವ ಶುಚಿಕಾರಕ ಉಪಕರಣಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಇಂಗ್ಲಿಷಿಗೆ ಅವು ಕಸ, ನಮಗೆ ಕಾಗುಣಿತದ ಭಾಗ. ಕನ್ನಡ ಬರಹವನ್ನು ಅಂಥ ಉಪಕರಣಕ್ಕೆ ದಯವಿಟ್ಟು ಕೊಡಬೇಡಿ. ಹೆಸರುಗಳು ಹೀಗೆ ಮುರಿದು ಕೂಡಿಕೊಂಡ ಪತ್ರಿಕಾ ಪ್ರಕಟಣೆಗಳನ್ನು ದಿನವೂ ನೋಡುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ಒಬ್ಬರ ಹೆಸರು ತಪ್ಪಾಗಿ ಅಚ್ಚಾದರೆ ಅವರ ಮನೆಯವರಿಗೆ ಹೇಗಾಗುತ್ತದೆ ಯೋಚಿಸಿ. ಕಳೆದುಹೋಗಿದ್ದರೆ ವರ್ಡ್‌ನಲ್ಲಿ ಆ ಜಾಗದಲ್ಲಿ ಕರ್ಸರ್ ಇಟ್ಟು 200 ಮತ್ತು ಇಂಗ್ಲಿಷಿನ ಸಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಕೂಡಿಸದ ಗುರುತು ವಾಪಸು ಬರುತ್ತದೆ.

ಪೇಸ್ಟ್ ಮಾಡುವಾಗ ಫಾರ್ಮ್ಯಾಟಿಂಗ್ ಬಿಡುವುದರಿಂದ ಈ ಗುರುತುಗಳು ಹೋಗುವುದಿಲ್ಲ, ಅವು ಅಕ್ಷರಗಳೇ. ಆದ್ದರಿಂದ ಯೂನಿಕೋಡ್ ಬರಹವಾದರೆ ಧೈರ್ಯವಾಗಿ ಕಂಟ್ರೋಲ್ ಶಿಫ್ಟ್ ವಿ ಒತ್ತಿ. ಗೂಗಲ್ ಡಾಕ್ಸ್, ಜಿಮೇಲ್, ಈಚಿನ ವರ್ಡ್ ಎಲ್ಲದರಲ್ಲೂ ಇದು ಬರಿಯ ಅಕ್ಷರಗಳನ್ನಷ್ಟೇ ಇಳಿಸುತ್ತದೆ. ಲಿಬ್ರೆ ಆಫೀಸಿನಲ್ಲಿ ಇದಕ್ಕೆ ಆಲ್ಟ್ ಕೂಡ ಸೇರಿಸಬೇಕು. ಪೇಸ್ಟ್ ಆಗಿಹೋಗಿದ್ದರೆ ವರ್ಡ್‌ನಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಅಕ್ಷರಕ್ಕೆ ಅಂಟಿದ್ದು ಹೋಗುತ್ತದೆ, ಕಂಟ್ರೋಲ್ ಕ್ಯೂ ಒತ್ತಿದರೆ ಪ್ಯಾರಾಕ್ಕೆ ಅಂಟಿದ್ದು ಹೋಗುತ್ತದೆ. ವೆಬ್ ಪುಟದಿಂದ ತಂದ ಬರಹದ ಹಿಂದಿನ ಬೂದುಬಣ್ಣ ಹೈಲೈಟ್ ತೆಗೆದರೂ ಹೋಗುವುದಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ. ಅದು ಹೈಲೈಟ್ ಅಲ್ಲ, ಶೇಡಿಂಗ್.

ಕೆಲಸ ಮಾಡುವಾಗ ಪ್ಯಾರಾ ಗುರುತುಗಳನ್ನು ಕಾಣುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಡ್‌ನಲ್ಲಿ ಕಂಟ್ರೋಲ್ ಶಿಫ್ಟ್ 8 ಒತ್ತಿದರೆ ಪ್ರತಿ ಪ್ಯಾರಾದ ಕೊನೆಯಲ್ಲಿ ತಿರುಗಿ ನಿಂತ ಪಿ ಥರದ ಒಂದು ಗುರುತು ಕಾಣುತ್ತದೆ. ಆ ಪ್ಯಾರಾದ ಅಂಚು, ಅಂತರ, ಶೈಲಿ ಎಲ್ಲ ಸೇರಿಕೊಂಡಿರುವುದು ಆ ಗುರುತಿನೊಳಗೆ. ಕಾಪಿ ಮಾಡುವಾಗ ಅದನ್ನೂ ಸೇರಿಸಿ ಎತ್ತಿದರೆ ಎಲ್ಲವೂ ಜೊತೆಗೆ ಬರುತ್ತದೆ, ಅದನ್ನು ಬಿಟ್ಟು ಎತ್ತಿದರೆ ಹೊಸ ಜಾಗದ ಗುಣ ಹಿಡಿಯುತ್ತದೆ. ಸಾಲಿನ ಕೊನೆಯಲ್ಲಿ ಬಾಗಿದ ಬಾಣ ಕಂಡರೆ ಅದು ಪ್ಯಾರಾ ಅಲ್ಲ, ಶಿಫ್ಟ್ ಎಂಟರಿನ ಸಾಲುಮುರಿತ. ಅಂಥ ಬರಹಕ್ಕೆ ಎರಡೂ ಅಂಚು ಸಮ ಮಾಡಲು ಹೋದರೆ ಮೂರೇ ಪದದ ಸಾಲು ಪುಟದಗಲಕ್ಕೆ ಜಗ್ಗಿ ನಿಲ್ಲುತ್ತದೆ. ಗದ್ಯದಲ್ಲಿ ಇವನ್ನು ತೆಗೆಯಲೇಬೇಕು. ಕವಿತೆಯಲ್ಲಿ ಮುಟ್ಟಬಾರದು. ಒಂದು ವಿಶೇಷಾಂಕದಲ್ಲಿ ಅವಸರಕ್ಕೆ ಎಲ್ಲ ಫೈಲುಗಳ ಮೇಲೂ ಒಂದೇ ಬದಲಾವಣೆ ಓಡಿಸಿ, ಹಿರಿಯ ಕವಿಯೊಬ್ಬರ ನೀಳ್ಗವಿತೆ ಗದ್ಯವಾಗಿ ಅಚ್ಚಾಗಿತ್ತು. ಅವರು ಸಿಟ್ಟು ಮಾಡಲಿಲ್ಲ, ಪ್ರತಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ಅಂದಿನಿಂದ ಪದ್ಯದ ಫೈಲನ್ನು ಗದ್ಯದ ಜೊತೆ ಸೇರಿಸಿ ಶುಚಿ ಮಾಡಲು ನಾನು ಬಿಡುವುದಿಲ್ಲ.

'ಗಾತ್ರ 12 ಮಾಡಿದರೂ ಕನ್ನಡ ದೊಡ್ಡದಾಗಿಯೇ ಇದೆ, ಇಂಗ್ಲಿಷ್ ಮಾತ್ರ ಚಿಕ್ಕದಾಯಿತು' ಎಂದು ಬರೆಯುವವರೂ ಇದ್ದಾರೆ. ತಪ್ಪು ಅವರದಲ್ಲ. ಈ ತಂತ್ರಾಂಶಗಳು ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸಿ ಅದಕ್ಕೆ ಬೇರೆಯೇ ಫಾಂಟು, ಬೇರೆಯೇ ಗಾತ್ರ ಇಟ್ಟುಕೊಂಡಿರುತ್ತವೆ. ಲಿಬ್ರೆ ಆಫೀಸಿನ ಸ್ಟೈಲ್ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗೆ ಒಂದು ಖಾನೆ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಇನ್ನೊಂದು ಖಾನೆ ಇದೆ. ನಮ್ಮ ಅಕ್ಷರದ ಯಜಮಾನಿಕೆ ಎರಡನೆಯದರ ಕೈಯಲ್ಲಿದೆ. ವರ್ಡ್‌ನ ಫಾಂಟ್ ಕಿಟಕಿಯಲ್ಲೂ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಭಾಗ ನೋಡಿ. ಎರಡನ್ನೂ ಸರಿಮಾಡಿದರೆ ಮಾತ್ರ ಕಡತ ಒಂದೇ ಹದಕ್ಕೆ ಬರುತ್ತದೆ.

ಪಿಡಿಎಫ್ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಪಿಡಿಎಫ್ ಇರುವುದು ಪುಟದ ಮೇಲೆ ಯಾವ ಆಕೃತಿ ಎಲ್ಲಿ ಕೂರಬೇಕೆಂದು ಹೇಳುವುದಕ್ಕೆ, ಪದಗಳನ್ನು ಕಾಪಾಡುವುದಕ್ಕಲ್ಲ. ಅಲ್ಲಿಂದ ಕನ್ನಡ ಕಾಪಿ ಮಾಡಿದರೆ ಎಷ್ಟೋ ಸಲ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬೀಳುತ್ತದೆ. ಅದನ್ನು ತಿದ್ದುತ್ತಾ ಕೂರುವ ಬದಲು ಮೂಲ ಫೈಲು ಕೇಳಿ. ಸಿಗದಿದ್ದರೆ ಪಿಡಿಎಫನ್ನು ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಪುಟವನ್ನು ಚಿತ್ರದಂತೆ ಓದಿ ಹೊಸದಾಗಿ ಯೂನಿಕೋಡ್ ಬರೆದುಕೊಡುತ್ತದೆ. ತಪ್ಪುಗಳಿರುತ್ತವೆ, ಮೂಲದ ಜೊತೆ ಇಟ್ಟು ಓದಲೇಬೇಕು.

ದಾವಣಗೆರೆಯ ಪುಸ್ತಕವನ್ನು ಯೂನಿಕೋಡಿಗೆ ತರುವ ಮುನ್ನ ಸಿ.ಡಿ.ಯಲ್ಲಿದ್ದ ಮೂಲವನ್ನು ನನಗೂ ಕಳಿಸಿ ಎಂದಿದ್ದೆ. ಸಿ.ಡಿ. ಮೇಲೆ ಮತ್ತೆ ಬರೆಯಲಾಗದ ಕಾರಣ ಅದು ಮೊದಲಿದ್ದ ಹಾಗೆಯೇ ಉಳಿದಿತ್ತು. ಪುಟ ತಿರುಗಿಸುತ್ತಾ ಹೋದರೆ ಅಲ್ಲಲ್ಲಿ ಒಂದೊಂದು ಹೆಸರು ದಪ್ಪಕ್ಷರದಲ್ಲಿದೆ. ಶೀರ್ಷಿಕೆಯಲ್ಲ, ಮುಖ್ಯ ವ್ಯಕ್ತಿಗಳೂ ಅಲ್ಲ. ಕುರಿ ಕಾಯುವವರೊಬ್ಬರು, ಸೂಲಗಿತ್ತಿಯೊಬ್ಬರು, ಕೆರೆಯ ತೂಬು ಕಾಯುತ್ತಿದ್ದವರೊಬ್ಬರು. ಮಗಳಿಗೆ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ತಾಯಿಯನ್ನು ಕೇಳಿ ಮರುದಿನ ಹೇಳಿದರು: "ಅಪ್ಪಂಗೆ ಯಾರ್ಯಾರು ಊರಿನ ಕಥೆ ಹೇಳಿದ್ರೋ ಅವರ ಹೆಸರೆಲ್ಲ ದಪ್ಪ ಮಾಡ್ಸಿದ್ರಂತೆ ಸರ್. ಡಿಟಿಪಿಯವರ ಪಕ್ಕ ಕೂತ್ಕೊಂಡು ಮಾಡ್ಸಿದ್ರಂತೆ." ಅವರ ಡೆಸ್ಕ್‌ಟಾಪಿನ ಫೈಲಿನಲ್ಲಿ ಆ ದಪ್ಪಕ್ಷರ ಒಂದೂ ಉಳಿದಿರಲಿಲ್ಲ.

ಪರಿವರ್ತಕ ಫಾಂಟಿನ ವಿವರ ಉಳಿಸದಿದ್ದರೆ ಇಂಥವನ್ನು ಮೊದಲೇ ಗುರುತು ಮಾಡಿಕೊಳ್ಳಬೇಕು. ವರ್ಡ್‌ನ ಫೈಂಡ್ ಖಾನೆಯನ್ನು ಖಾಲಿ ಬಿಟ್ಟು, ಫಾರ್ಮ್ಯಾಟ್ ಎಂಬಲ್ಲಿ ಬೋಲ್ಡ್ ಆರಿಸಿ, ರೀಪ್ಲೇಸ್ ಖಾನೆಯಲ್ಲಿ ಒಂದು ನಕ್ಷತ್ರ, ಕ್ಯಾರೆಟ್ ಮತ್ತು ಆ್ಯಂಪರ್‌ಸ್ಯಾಂಡ್ ಗುರುತು, ಮತ್ತೊಂದು ನಕ್ಷತ್ರ ಹಾಕಿದರೆ ದಪ್ಪಕ್ಷರದ ಪ್ರತಿ ಭಾಗವೂ ವಾಟ್ಸಾಪ್‌ನಲ್ಲಿ ಹಾಕುತ್ತೇವಲ್ಲ ಹಾಗೆ ಎರಡು ನಕ್ಷತ್ರಗಳ ನಡುವೆ ಬರುತ್ತದೆ. ಪರಿವರ್ತನೆಯಾದ ಮೇಲೆ ನಕ್ಷತ್ರ ಹುಡುಕುತ್ತಾ ಮತ್ತೆ ದಪ್ಪ ಮಾಡಿ, ನಕ್ಷತ್ರ ಅಳಿಸುತ್ತಾ ಹೋದರಾಯಿತು. ಮಗಳು ಈ ಕೆಲಸವನ್ನು ಬೇರೆಯವರಿಗೆ ಕೊಡಲಿಲ್ಲ. ಬ್ಯಾಂಕಿನಿಂದ ಬಂದ ಮೇಲೆ ರಾತ್ರಿ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ನಕ್ಷತ್ರದ ಬಳಿ ನಿಂತು ಹೆಸರು ಓದುತ್ತಾರಂತೆ. ಅವರು ಯಾರು, ಯಾವ ಕೇರಿಯವರು, ಮನೆಯವರು ಈಗ ಎಲ್ಲಿದ್ದಾರೆ ಎಂದು ತಾಯಿ ಹೇಳುತ್ತಾ ಹೋಗುತ್ತಾರೆ, ಮಗಳು ಅದನ್ನು ಇನ್ನೊಂದು ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದಾರೆ.